ರಿಪೋರ್ಟಿನಲ್ಲಿ ಕೆಂಪಕ್ಷರ: ರಕ್ತನಾಳದ ಉರಿಯೂತದ ಬಗ್ಗೆ ಓದುಗರ ಪ್ರಶ್ನೆಗಳು

ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಲ್ಲಿ ಮಾಡಿಸುವ ಉರಿಯೂತದ ರಕ್ತಪರೀಕ್ಷೆಗಳ ಬಗ್ಗೆ ಬಂದ ಪತ್ರಗಳಿಗೆ ತಜ್ಞ ವೈದ್ಯರ ಉತ್ತರಗಳಿವು. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಡಾಕ್ಟರೇ, ನನಗೆ 52 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇಲ್ಲ. ಸಿಗರೇಟು ಸೇದುವುದಿಲ್ಲ. ಹೆಲ್ತ್ ಚೆಕಪ್‌ನಲ್ಲಿ ಎಚ್‌ಎಸ್-ಸಿಆರ್‌ಪಿ 6.8 ಬಂದಿದೆ, ಎದುರಿಗೆ ಕೆಂಪಕ್ಷರದಲ್ಲಿ ‘ಹೈ ರಿಸ್ಕ್’ ಎಂದಿದೆ. ಎಲ್‌ಡಿಎಲ್ 118. ರಕ್ತ ಕೊಡುವ ನಾಲ್ಕು ದಿನ ಮೊದಲು ದವಡೆ ಹಲ್ಲು ಕೀಳಿಸಿದ್ದೆ. ಆಂಜಿಯೋಗ್ರಾಂ ಮಾಡಿಸಬೇಕೇ?
– ದಾವಣಗೆರೆ

ಈ ಸಂಖ್ಯೆಯೊಂದಕ್ಕಾಗಿ ಬೇಡ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದುಕೊಳ್ಳುತ್ತಿದ್ದರೆ ಮಾತು ಬೇರೆ. ಆಗ ಸಿಆರ್‌ಪಿ ಎಷ್ಟೇ ಇರಲಿ, ಹೃದಯದ ತಪಾಸಣೆ ಆಗಬೇಕು. ಅಂಥದ್ದೇನೂ ಇಲ್ಲದಿದ್ದರೆ ನೀವು ಮಾಡಬೇಕಾದದ್ದು ಇನ್ನೊಮ್ಮೆ ರಕ್ತ ಕೊಡುವುದು, ಅದೂ ಒಸಡು ಪೂರ್ತಿ ಮಾಗಿದ ಮೇಲೆ.

ಸಿಆರ್‌ಪಿ ಲಿವರ್ ತಯಾರಿಸುವ ಒಂದು ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಮೊದಲು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ದೇಹದಲ್ಲಿ ಎಲ್ಲೇ ಗಾಯವಾಗಲಿ, ಸೋಂಕಾಗಲಿ, ಅಲ್ಲಿಂದ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಹೊರಟು ಲಿವರನ್ನು ಮುಟ್ಟುತ್ತದೆ. ಆರೆಂಟು ಗಂಟೆಯೊಳಗೆ ಸಿಆರ್‌ಪಿ ಏರತೊಡಗುತ್ತದೆ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ಅಡಗಿದ ಮೇಲೆ ಹೆಚ್ಚುಕಡಿಮೆ 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ.

ರಕ್ತನಾಳಕ್ಕೂ ಇದಕ್ಕೂ ಇರುವ ನಂಟು ಹೀಗೆ: ನಾಳದ ಗೋಡೆಯೊಳಗೆ ನುಸುಳಿದ ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟೆರಾಲ್’, ಅಲ್ಲೇ ಕೆಡುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳೊಳಗೆ ಕೊಲೆಸ್ಟೆರಾಲ್ ಹರಳುಗಟ್ಟುತ್ತದೆ. ಹರಳುಗಳು ಆ ಕಣಗಳನ್ನು ಕೆರಳಿಸಿದಾಗ ಇಂಟರ್‌ಲ್ಯೂಕಿನ್-1 ಬೀಟಾ, ಅದರ ಬೆನ್ನಿಗೆ ಇಂಟರ್‌ಲ್ಯೂಕಿನ್-6, ಕೊನೆಗೆ ಲಿವರಿನಿಂದ ಸಿಆರ್‌ಪಿ. ಆದರೆ ಈ ದಾರಿಯಿಂದ ಬರುವ ಏರಿಕೆ ತೀರಾ ಸಣ್ಣದು, ಲೀಟರಿಗೆ ಒಂದೋ ಎರಡೋ ಮೂರೋ ಮಿಲಿಗ್ರಾಂ. ಕಿತ್ತ ಹಲ್ಲಿನ ಗಾಯವೋ ಮೂತ್ರದ ಸೋಂಕೋ ಇದ್ದರೆ ಅದರ ಪಾಲು ಇದನ್ನು ಮುಳುಗಿಸಿಬಿಡುತ್ತದೆ. ಯಾವ ಸಿಆರ್‌ಪಿ ಎಲ್ಲಿಂದ ಬಂತೆಂದು ಯಂತ್ರಕ್ಕೆ ತಿಳಿಯದು. ‘ಹೈ ರಿಸ್ಕ್’ ಎಂಬ ಷರಾವನ್ನು ಕಂಪ್ಯೂಟರ್ 3ರ ಗೆರೆ ದಾಟಿದ ಎಲ್ಲರಿಗೂ ಒಂದೇ ಸಮನೆ ಅಚ್ಚು ಹಾಕುತ್ತದೆ. ನಿಮ್ಮ ಹಲ್ಲಿನ ವಿಷಯ ಅದಕ್ಕೆ ಗೊತ್ತಿಲ್ಲ.

ಮತ್ತೆ ಪರೀಕ್ಷೆ ಮಾಡಿಸುವಾಗ ಕೊನೆಯ ಜ್ವರ, ನೆಗಡಿ, ಭೇದಿ, ಪೆಟ್ಟು, ಲಸಿಕೆ ಇವುಗಳಿಂದ ಕನಿಷ್ಠ ಎರಡು ವಾರ ಕಳೆದಿರಲಿ. ನಿಮ್ಮ ವಿಷಯದಲ್ಲಿ ಮೂರು ವಾರ ಬಿಟ್ಟರೆ ಒಳ್ಳೆಯದು. ಹಿಂದಿನ ಎರಡು ದಿನ ಮೈಮುರಿಯುವ ವ್ಯಾಯಾಮ ಬೇಡ. ಈ ಪರೀಕ್ಷೆಗೆ ಖಾಲಿಹೊಟ್ಟೆ ಬೇಕಿಲ್ಲ. ಎರಡು ವಾರದ ಅಂತರದಲ್ಲಿ ಎರಡು ಸಲ, ಒಂದೇ ಲ್ಯಾಬಿನಲ್ಲಿ ಕೊಟ್ಟು ಸರಾಸರಿ ತೆಗೆಯಿರಿ. 10 ದಾಟಿದ್ದರೆ ಅದನ್ನು ಹೃದಯದ ಲೆಕ್ಕಕ್ಕೆ ಸೇರಿಸಲೇಬೇಡಿ, ಬೇರೆ ಕಾರಣ ಹುಡುಕಬೇಕು. 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. ಇದು 2003ರಲ್ಲಿ ಅಮೆರಿಕದ ಹೃದ್ರೋಗ ಸಂಘ ಮತ್ತು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹಾಕಿಕೊಟ್ಟ ವಿಂಗಡಣೆ. 2018ರ ಅಮೆರಿಕನ್ ಮಾರ್ಗಸೂಚಿ, 2 ಮತ್ತು ಅದಕ್ಕಿಂತ ಹೆಚ್ಚಿದ್ದರೆ ‘ಅಪಾಯ ಹೆಚ್ಚಿಸುವ ಅಂಶ’ ಎಂದು ಎಣಿಸುತ್ತದೆ.

ಸರಾಸರಿ 1ರ ಆಸುಪಾಸಿಗೆ ಇಳಿದರೆ ವಿಷಯ ಅಲ್ಲಿಗೆ ಮುಗಿಯಿತು. ಆಗಲೂ 4 ಇದ್ದರೆ ಮೊದಲು ಬಾಯಿ ತೋರಿಸಿ. ಹಲ್ಲುಜ್ಜುವಾಗ ರಕ್ತ ಬರುವ ಒಸಡನ್ನು ನಮ್ಮಲ್ಲಿ ಯಾರೂ ಕಾಯಿಲೆಯೆಂದೇ ಎಣಿಸುವುದಿಲ್ಲ, ಅದು ವರ್ಷಗಟ್ಟಲೆ ಸಿಆರ್‌ಪಿಯನ್ನು ಮೇಲೆ ಹಿಡಿದಿಡುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದೆಯೇ ನೋಡಿ, ಹೊಟ್ಟೆಯ ಕೊಬ್ಬೇ ಇಂಟರ್‌ಲ್ಯೂಕಿನ್-6 ಸುರಿಸುತ್ತದೆ. ಗೊರಕೆ ಹೊಡೆದು ಉಸಿರು ಕಟ್ಟುವುದು, ಬೆಳಗಿನ ಕೀಲುಬಿಗಿತ, ಸೋರಿಯಾಸಿಸ್, ಹೊಗೆಸೊಪ್ಪು, ಹೆಂಗಸರಾದರೆ ನುಂಗುವ ಈಸ್ಟ್ರೋಜೆನ್ ಮಾತ್ರೆ, ಇವನ್ನೆಲ್ಲ ವೈದ್ಯರಿಗೆ ಹೇಳಬೇಕು.

ಏನೂ ಸಿಗದೆ ಸಂಖ್ಯೆ ಹಾಗೇ ನಿಂತರೆ ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೇ ಎಂಬ ಮಾತು ಬರುತ್ತದೆ. 2008ರ ಜುಪಿಟರ್ ಅಧ್ಯಯನ ನಡೆದದ್ದು ನಿಮ್ಮಂಥವರ ಮೇಲೆಯೇ: ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಎಚ್‌ಎಸ್-ಸಿಆರ್‌ಪಿ 2 ಅಥವಾ ಹೆಚ್ಚು, ಒಟ್ಟು 17,802 ಜನ. ರೋಸುವಸ್ಟಾಟಿನ್ 20 ಮಿ.ಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇ 44ರಷ್ಟು ತಗ್ಗಿದವು. ಆದರೆ ಸಿಆರ್‌ಪಿ ಕಡಿಮೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಹಾಗಾಗಿ ಲಾಭವಾದದ್ದು ಸಿಆರ್‌ಪಿ ಹೆಚ್ಚಿದ್ದ ಕಾರಣಕ್ಕೇ ಎನ್ನಲು ಅದರಿಂದ ಆಗದು. ನಿರ್ಧಾರ ತೂಗುಯ್ಯಾಲೆಯಲ್ಲಿದ್ದರೆ ಹೃದಯದ ನಾಳಗಳಲ್ಲಿ ಕೂತ ಸುಣ್ಣವನ್ನು ಅಳೆಯುವ ಕ್ಯಾಲ್ಸಿಯಂ ಸ್ಕ್ಯಾನ್ ಸಿಆರ್‌ಪಿಗಿಂತ ಹೆಚ್ಚು ಹೇಳುತ್ತದೆ.

ಇನ್ನೊಂದು ಮಾತು. ಸಿಆರ್‌ಪಿ ತಾನಾಗಿ ನಾಳ ಕಟ್ಟಿಸುವ ಅಪರಾಧಿಯಲ್ಲ. ಹುಟ್ಟಿನಿಂದಲೇ ಹೆಚ್ಚು ಸಿಆರ್‌ಪಿ ಮಾಡುವ ವಂಶವಾಹಿ ಇರುವವರಿಗೆ ಹೃದಯಾಘಾತ ಹೆಚ್ಚಾಗುವುದಿಲ್ಲ. ಆದರೆ ಇಂಟರ್‌ಲ್ಯೂಕಿನ್-6ರ ಸಂದೇಶ ಹುಟ್ಟಿನಿಂದಲೇ ದುರ್ಬಲವಾಗಿರುವವರಿಗೆ ಹೃದಯಾಘಾತ ಕಡಿಮೆ. ‘ಸಿಆರ್‌ಪಿ ಇಳಿಸುವ’ ಪುಡಿ, ಕಷಾಯಗಳಿಗೆ ದುಡ್ಡು ಸುರಿಯುವ ಮೊದಲು ಇದು ನೆನಪಿರಲಿ.

ಒಂದು ಲ್ಯಾಬಿನಲ್ಲಿ 0.42, ವಾರದ ಮೇಲೆ ಇನ್ನೊಂದರಲ್ಲಿ 4.1. ಒಂದು ಲ್ಯಾಬು ಸುಳ್ಳು ಹೇಳುತ್ತಿದೆಯಲ್ಲವೇ?
– ಹುಬ್ಬಳ್ಳಿ

ಎರಡೂ ನಿಜವನ್ನೇ ಹೇಳಿರುವ ಸಾಧ್ಯತೆ ಹೆಚ್ಚು. ಅಂಕಿಯ ಪಕ್ಕದ ಅಳತೆ ನೋಡಿ. ಮೊದಲಿನದು ಡೆಸಿಲೀಟರಿಗೆ ಮಿಲಿಗ್ರಾಂ, ಎರಡನೆಯದು ಲೀಟರಿಗೆ ಮಿಲಿಗ್ರಾಂ ಇದ್ದೀತು. ಮೊದಲಿನದನ್ನು 10ರಿಂದ ಗುಣಿಸಿದರೆ 4.2. 0.42 ನೋಡಿ ‘ಒಂದಕ್ಕಿಂತ ಕಡಿಮೆ, ಪರವಾಗಿಲ್ಲ’ ಎಂದುಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಪರೀಕ್ಷೆಯ ಹೆಸರನ್ನೂ ನೋಡಿ. ಬರೀ ‘ಸಿಆರ್‌ಪಿ’ ಎಂದಿದ್ದರೆ ಅದು ಜ್ವರ, ಸೋಂಕಿಗೆ ಮಾಡುವ ಸಾಧಾರಣ ಪರೀಕ್ಷೆ. ಎಷ್ಟೋ ಕಡೆ ಅದರ ಉತ್ತರ ‘5ಕ್ಕಿಂತ ಕಡಿಮೆ’ ಎಂದಷ್ಟೇ ಬರುತ್ತದೆ. ಹೃದಯದ ಲೆಕ್ಕಕ್ಕೆ ಬೇಕಾದ 1, 2, 3ರ ವ್ಯತ್ಯಾಸ ಅದಕ್ಕೆ ಸಿಗುವುದಿಲ್ಲ. ಪ್ರೋಟೀನ್ ಒಂದೇ, ‘ಎಚ್‌ಎಸ್’ ಎಂಬುದು ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ವಿಧಾನ.

ತಾಯಿಗೆ 66 ವರ್ಷ. ಇಎಸ್‌ಆರ್ 48, ಹಿಮೋಗ್ಲೋಬಿನ್ 9.2. ರಕ್ತನಾಳದಲ್ಲಿ ಉರಿಯೂತ ಇದೆ ಎಂದು ಅರ್ಥವೇ?
– ಶಿವಮೊಗ್ಗ

ಇಷ್ಟರಿಂದ ಹಾಗೆ ಹೇಳಲಾಗದು. ಇಎಸ್‌ಆರ್ ಅಂದರೆ ನಿಂತ ಕೊಳವೆಯಲ್ಲಿ ಕೆಂಪು ರಕ್ತಕಣ ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿಯಿತು ಎಂಬ ಅಳತೆ. ಕಣ ಕಡಿಮೆಯಿದ್ದರೆ, ಅಂದರೆ ರಕ್ತಹೀನತೆ ಇದ್ದರೆ, ಬೇಗ ಇಳಿಯುತ್ತದೆ. ವಯಸ್ಸಾದಂತೆ ಸಹಜವಾಗಿಯೇ ಏರುತ್ತದೆ. ಹೆಂಗಸರಿಗೆ ಒರಟು ಲೆಕ್ಕ ವಯಸ್ಸಿಗೆ 10 ಕೂಡಿಸಿ ಅರ್ಧ ಮಾಡುವುದು, ನಿಮ್ಮ ತಾಯಿಗೆ 38 ಬರುತ್ತದೆ. ಉಳಿದ ಹತ್ತನ್ನು 9.2ರ ಹಿಮೋಗ್ಲೋಬಿನ್ ಒಂದೇ ವಿವರಿಸಬಲ್ಲದು. ಚಿಕಿತ್ಸೆ ಬೇಕಾಗಿರುವುದು ರಕ್ತಹೀನತೆಗೆ. ಕಾರಣ ಹುಡುಕುವಾಗ ಒಂದು ಎಚ್ಚರ: ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಉರಿಯೂತ ಇದ್ದಾಗ ತಾನೇ ಏರುತ್ತದೆ. ಹಾಗಾಗಿ ಅದು ಸಾಧಾರಣ ಬಂದ ಮಾತ್ರಕ್ಕೆ ಕಬ್ಬಿಣದ ಕೊರತೆ ಇಲ್ಲ ಎನ್ನಲಾಗದು.

ಆದರೆ ಈ ವಯಸ್ಸಿನಲ್ಲಿ ಕಣತಲೆಯ ಹೊಸ ನೋವು, ಬಾಚುವಾಗ ನೆತ್ತಿ ಮುಟ್ಟಿದರೆ ನೋವು, ಅಗಿಯುವಾಗ ದವಡೆ ಸೋಲುವುದು, ಒಂದು ಕಣ್ಣು ಕ್ಷಣಕಾಲ ಮಂಜಾಗುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಯ ರಕ್ತನಾಳದ ಉರಿಯೂತ ನಮ್ಮಲ್ಲಿ ವಿರಳ, ಬಂದರೆ ಮಾತ್ರ ಕಣ್ಣನ್ನೇ ಕಸಿಯುತ್ತದೆ. ಅಂಥ ಸಂದರ್ಭದಲ್ಲಿ ರಿಪೋರ್ಟು ಬರಲೆಂದು ಕಾಯದೆ ಸ್ಟೀರಾಯ್ಡ್ ಶುರು ಮಾಡುತ್ತಾರೆ.

ಸ್ಟೆಂಟ್ ಹಾಕಿ ಒಂದು ವರ್ಷವಾಯಿತು. ಅಟೋರ್ವಸ್ಟಾಟಿನ್ 40 ನುಂಗುತ್ತೇನೆ, ಎಲ್‌ಡಿಎಲ್ 92, ಎಚ್‌ಎಸ್-ಸಿಆರ್‌ಪಿ 3.4. ಈಗ ಕಾಲ್ಚಿಸಿನ್ 0.5 ಮಿ.ಗ್ರಾಂ ಬರೆದಿದ್ದಾರೆ. ಅದು ಗೌಟ್ ಮಾತ್ರೆ ಎಂದು ಮೆಡಿಕಲ್ ಶಾಪಿನವರು ಹೇಳಿದರು. ಹೃದಯಕ್ಕೆ ಯಾಕೆ?
– ಮೈಸೂರು

ಶಾಪಿನವರು ಹೇಳಿದ್ದು ಸರಿ, ನಿಮ್ಮ ವೈದ್ಯರು ಬರೆದದ್ದಕ್ಕೂ ಆಧಾರವಿದೆ. ಗೌಟ್ ಎಂಬ ಕೀಲುನೋವಿನಲ್ಲಿ ಯೂರಿಕ್ ಆಮ್ಲದ ಹರಳು ಬಿಳಿ ರಕ್ತಕಣವನ್ನು ಕೆರಳಿಸುತ್ತದೆ, ನಾಳದ ಗೋಡೆಯಲ್ಲಿ ಕೊಲೆಸ್ಟೆರಾಲ್ ಹರಳು. ಕಾಲ್ಚಿಸಿನ್ ಎರಡೂ ಕಡೆ ಆ ಕಣಗಳ ಓಡಾಟವನ್ನು ತಗ್ಗಿಸುತ್ತದೆ.

ಉರಿಯೂತ ತಗ್ಗಿಸಿದರೆ ಹೃದಯಾಘಾತ ತಗ್ಗುತ್ತದೆಯೇ ಎಂಬುದಕ್ಕೆ ಮೊದಲ ಗಟ್ಟಿ ಉತ್ತರ ಕೊಟ್ಟದ್ದು 2017ರ ಕ್ಯಾಂಟೋಸ್ ಅಧ್ಯಯನ. ಹೃದಯಾಘಾತವಾಗಿ, ಸಿಆರ್‌ಪಿ 2 ಅಥವಾ ಹೆಚ್ಚಿದ್ದ 10,061 ಜನರಲ್ಲಿ ಮೂರು ತಿಂಗಳಿಗೊಮ್ಮೆ ಇಂಟರ್‌ಲ್ಯೂಕಿನ್-1 ಬೀಟಾ ತಡೆಯುವ 150 ಮಿ.ಗ್ರಾಂ ಕ್ಯಾನಕಿನುಮ್ಯಾಬ್ ಚುಚ್ಚುಮದ್ದು ಪಡೆದವರಿಗೆ ಹೃದಯ ಸಂಬಂಧಿ ಘಟನೆಗಳು ಶೇ 15ರಷ್ಟು ಕಡಿಮೆಯಾದವು. ಎಲ್‌ಡಿಎಲ್ ಮಾತ್ರ ಇದ್ದಲ್ಲೇ ಇತ್ತು. ಆದರೆ ಪ್ರಾಣ ತೆಗೆಯುವ ಸೋಂಕುಗಳು ಹೆಚ್ಚಿದವು, ಒಟ್ಟು ಸಾವು ಇಳಿಯಲಿಲ್ಲ. ಸಂಧಿವಾತದ ಮೆಥೊಟ್ರೆಕ್ಸೇಟನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದ ಸರ್ಟ್ ಅಧ್ಯಯನದಲ್ಲಿ ಇಂಟರ್‌ಲ್ಯೂಕಿನ್-6, ಸಿಆರ್‌ಪಿ ಇಳಿಯಲಿಲ್ಲ, ಹೃದಯಕ್ಕೂ ಲಾಭವಾಗಲಿಲ್ಲ.

ಕಾಲ್ಚಿಸಿನ್ ಕಥೆ ಏರುಪೇರಿನದು. 2019ರ ಕಾಲ್ಕಾಟ್ ಅಧ್ಯಯನದಲ್ಲಿ, ಹೃದಯಾಘಾತವಾಗಿ ತಿಂಗಳೊಳಗಿದ್ದ 4,745 ಜನರಲ್ಲಿ ಘಟನೆಗಳು ಶೇ 7.1ರಿಂದ 5.5ಕ್ಕೆ ಇಳಿದವು. 2020ರ ಲೋಡೋಕೋ-2ರಲ್ಲಿ, ನಿಮ್ಮಂತೆ ಸ್ಥಿರವಾಗಿದ್ದ 5,522 ಜನರಲ್ಲಿ ಶೇ 9.6ರಿಂದ 6.8ಕ್ಕೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹೃದಯಕ್ಕೆಂದು 0.5 ಮಿ.ಗ್ರಾಂಗೆ ಒಪ್ಪಿಗೆ ಕೊಟ್ಟರು. ಮರುವರ್ಷವೇ ಕ್ಲಿಯರ್ ಸಿನರ್ಜಿ ಅಧ್ಯಯನ ಬಂತು. ಆಗತಾನೇ ಹೃದಯಾಘಾತವಾಗಿದ್ದ 7,062 ಜನರಲ್ಲಿ ಘಟನೆಗಳು ಕಾಲ್ಚಿಸಿನ್ ಇಲ್ಲದವರಿಗೆ ಶೇ 9.3, ನುಂಗಿದವರಿಗೆ 9.1. ಅಂದರೆ ಏನೂ ವ್ಯತ್ಯಾಸವಿಲ್ಲ. ಕಾಲ್ಚಿಸಿನ್ ನುಂಗಿದವರ ಸಿಆರ್‌ಪಿ ಅಲ್ಲಿ ಇಳಿದಿತ್ತು ಎಂಬುದನ್ನು ಗಮನಿಸಿ. ಸಂಖ್ಯೆ ಇಳಿದ ಮಾತ್ರಕ್ಕೆ ನಾಳ ಸುಧಾರಿಸಿತೆಂದು ಸಂತೋಷಪಡುವಂತಿಲ್ಲ. ಒಟ್ಟಾರೆ ನೋಡಿದರೆ, ಸ್ಟೆಂಟ್ ಹಾಕಿ ವರ್ಷ ಕಳೆದು ಸ್ಥಿರವಾಗಿರುವವರಿಗೆ ಈ ಮಾತ್ರೆಯ ಪರವಾದ ವಾದ ಈಗಲೂ ನಿಲ್ಲುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು 3.4 ಅಲ್ಲ, 92. ಸ್ಟೆಂಟ್ ಇರುವವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಅಟೋರ್ವಸ್ಟಾಟಿನ್ 80ಕ್ಕೆ ಏರಿಸುವುದೋ, ಎಜೆಟಿಮೈಬ್ 10 ಮಿ.ಗ್ರಾಂ ಸೇರಿಸುವುದೋ ವೈದ್ಯರನ್ನು ಕೇಳಿ. ಸ್ಟ್ಯಾಟಿನ್ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಎಲ್‌ಡಿಎಲ್ ಇನ್ನು ಶೇ 6ರಷ್ಟೇ ಇಳಿಯುತ್ತದೆ, ಎಜೆಟಿಮೈಬ್ ಸುಮಾರು ಶೇ 20 ಇಳಿಸುತ್ತದೆ.

ಕಾಲ್ಚಿಸಿನ್ ಶುರು ಮಾಡುವ ಮೊದಲು ಕಿಡ್ನಿಯ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ರಕ್ತಕಣಗಳ ಎಣಿಕೆ ನೋಡಬೇಕು. ಕಿಡ್ನಿಯ ಸೋಸುವ ಶಕ್ತಿ (ರಿಪೋರ್ಟಿನಲ್ಲಿ ಇಜಿಎಫ್‌ಆರ್) 30ಕ್ಕಿಂತ ಕಡಿಮೆ ಇದ್ದವರಿಗೆ ಹೃದಯಕ್ಕೆಂದು ಇದನ್ನು ಕೊಡುವುದಿಲ್ಲ. ಹೆಚ್ಚು ಜನ ಎಡವುವುದು ಕೆಮ್ಮು, ಕಫಕ್ಕೆ ಕೊಡುವ ಕ್ಲಾರಿಥ್ರೋಮೈಸಿನ್‌ನಲ್ಲಿ. ಎರಡೂ ಕೂಡಿದರೆ ಕಾಲ್ಚಿಸಿನ್ ರಕ್ತದಲ್ಲಿ ವಿಷದ ಮಟ್ಟಕ್ಕೇರಿ ಮೂಳೆಮಜ್ಜೆ ಕುಸಿಯಬಹುದು. ಕೀಟೋಕೊನಜೋಲ್, ಸೈಕ್ಲೋಸ್ಪೋರಿನ್ ಜೊತೆಗೂ ಬೇಡ. ಡಿಲ್ಟಿಯಾಜೆಮ್, ವೆರಪಮಿಲ್ ನುಂಗುತ್ತಿದ್ದರೆ ಮೊದಲೇ ಹೇಳಿ. ಭೇದಿ ಶುರುವಾಗುವುದು ಮೊದಲ ಎಚ್ಚರಿಕೆ. ಸ್ಟ್ಯಾಟಿನ್ ಜೊತೆಗಿರುವುದರಿಂದ ತೊಡೆ, ಭುಜದ ಶಕ್ತಿ ಕುಂದಿದರೆ ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಪರೀಕ್ಷೆ ಮಾಡಿಸಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿ ಇರುವುದೂ ಕಾಲ್ಚಿಸಿನ್ನೇ. ‘ಗಿಡದಲ್ಲೇ ಇದೆಯಲ್ಲ’ ಎಂದು ಗೆಡ್ಡೆ ಅರೆದು ಕುಡಿಯಬೇಡಿ. ಅದರಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ಅಳೆಯುವ ದಾರಿಯಿಲ್ಲ, ಸಾವುಗಳಾಗಿವೆ.

ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದಾಗ ಎಲ್‌ಡಿಎಲ್ 58 ಬಂತು, ಮೊದಲು 131 ಇತ್ತು. ಸ್ಟ್ಯಾಟಿನ್ ನಿಲ್ಲಿಸಬಹುದೇ?
– ಹಾಸನ

ಇದನ್ನು ನೋಡಿ ನಿಲ್ಲಿಸಬೇಡಿ. ದೊಡ್ಡ ಸೋಂಕು ಬಂದಾಗ ಎಲ್‌ಡಿಎಲ್, ಎಚ್‌ಡಿಎಲ್ ಕುಸಿಯುತ್ತವೆ, ಟ್ರೈಗ್ಲಿಸರೈಡ್ ಏರಬಹುದು. ಹೃದಯಾಘಾತವಾದಾಗಲೂ ಮೊದಲ 24 ಗಂಟೆಯೊಳಗೆ ತೆಗೆದ ಕೊಲೆಸ್ಟೆರಾಲ್ ಮಾತ್ರ ಹೆಚ್ಚುಕಡಿಮೆ ನಿಜವಾದ ಮಟ್ಟ, ಆಮೇಲಿನದು ಇಳಿದಿರುತ್ತದೆ. ಪೂರ್ತಿ ಚೇತರಿಸಿಕೊಂಡು ಆರರಿಂದ ಎಂಟು ವಾರದ ಮೇಲೆ ಮತ್ತೆ ಮಾಡಿಸಿ. ಜ್ವರದಲ್ಲಿ ಲಿವರ್ ಕಿಣ್ವ ಬಹಳ ಏರಿದ್ದರಿಂದ ಆಸ್ಪತ್ರೆಯವರೇ ತಾತ್ಕಾಲಿಕವಾಗಿ ನಿಲ್ಲಿಸಿದ್ದರೆ, ಮತ್ತೆ ಯಾವಾಗ ಶುರು ಮಾಡಬೇಕೆಂದು ಕೇಳಿ ಬರೆಸಿಕೊಳ್ಳಿ. ನಿಲ್ಲಿಸಿದ್ದು ನಿಂತೇ ಹೋಗುವುದುಂಟು.

ಮಗಳಿಗೆ 27. ಎಡಗೈಯಲ್ಲಿ ನಾಡಿ ಸಿಗುವುದಿಲ್ಲ, ಬಲಗೈ ಬಿಪಿ 150, ಎಡಗೈ 90. ಟಕಯಾಸು ಎಂದು ಹೇಳಿ ಸ್ಟೀರಾಯ್ಡ್ ಕೊಟ್ಟಿದ್ದಾರೆ. ಈಗ ಸಿಆರ್‌ಪಿ, ಇಎಸ್‌ಆರ್ ಎರಡೂ ನಾರ್ಮಲ್. ಮುಖ ಊದಿದೆ ಎಂದು ಅವಳಿಗೆ ಬೇಸರ. ಮಾತ್ರೆ ನಿಲ್ಲಿಸಬಹುದೇ?
– ಕಲಬುರಗಿ

ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ವಾರಗಟ್ಟಲೆ ಸ್ಟೀರಾಯ್ಡ್ ನುಂಗಿದವರ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ. ಒಮ್ಮೆಲೇ ಬಿಟ್ಟರೆ ವಾಂತಿ, ಬಿಪಿ ಕುಸಿತದಿಂದ ಪ್ರಾಣಕ್ಕೇ ಸಂಚಕಾರ ಬರಬಹುದು.

ಇದು ಕೊಬ್ಬಿನಿಂದ ಬರುವ ನಾಳದ ಕಾಯಿಲೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆಗೆ ಮುತ್ತಿಗೆ ಹಾಕುತ್ತದೆ. 1908ರಲ್ಲಿ ಜಪಾನಿನ ನೇತ್ರತಜ್ಞ ಮಿಕಿಟೊ ಟಕಯಾಸು ಇಂಥ ರೋಗಿಯ ಕಣ್ಣಿನೊಳಗಿನ ರಕ್ತನಾಳದ ಬದಲಾವಣೆಯನ್ನು ವರ್ಣಿಸಿದರು. ಹೆಚ್ಚಾಗಿ ಕಾಡುವುದು ಹರೆಯದ ಹೆಣ್ಣುಮಕ್ಕಳನ್ನು, ಭಾರತದಲ್ಲೂ ಅಪರೂಪವೇನಲ್ಲ.

ಈ ಕಾಯಿಲೆಯ ಕುತಂತ್ರವೆಂದರೆ, ರಕ್ತಪರೀಕ್ಷೆ ಶಾಂತವಾಗಿದ್ದಾಗಲೂ ನಾಳ ಒಳಗೊಳಗೇ ಕಿರಿದಾಗುತ್ತ ಹೋಗಬಹುದು. ಆದ್ದರಿಂದ ಸಿಆರ್‌ಪಿಯ ಜೊತೆಗೆ ನಾಡಿ, ಎರಡೂ ಕೈಗಳ ಬಿಪಿ, ಕುತ್ತಿಗೆಯ ನಾಳದ ಸದ್ದು, ನಿಗದಿತ ಕಾಲಕ್ಕೆ ಎಂಆರ್ ಅಥವಾ ಸಿಟಿ ಆಂಜಿಯೋಗ್ರಾಂ ನೋಡಿಯೇ ಮಾತ್ರೆ ಇಳಿಸುತ್ತಾರೆ. ಮುಂದೆ ಟೋಸಿಲಿಜುಮ್ಯಾಬ್ ಕೊಟ್ಟರೆ ಸಿಆರ್‌ಪಿಯನ್ನು ನಂಬುವುದೇ ಬೇಡ. ಆ ಔಷಧ ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ಮುಚ್ಚುವುದರಿಂದ ಕಾಯಿಲೆ ಕೆರಳಿದ್ದರೂ ಲಿವರಿಗೆ ಸುದ್ದಿ ಮುಟ್ಟುವುದಿಲ್ಲ.

ಅವಳ ಬಿಪಿಯನ್ನು ಯಾವಾಗಲೂ ಬಲಗೈಯಲ್ಲೇ ನೋಡಿ, ಚೀಟಿಯಲ್ಲಿ ದೊಡ್ಡದಾಗಿ ಬರೆದಿಡಿ. ಎಡಗೈಯ 90 ನೋಡಿ ಯಾರಾದರೂ ಬಿಪಿ ಮಾತ್ರೆ ನಿಲ್ಲಿಸಿದರೆ ಅನಾಹುತ. ಕ್ಷಯದ ತಪಾಸಣೆ ಆಗಿದೆಯೇ ವಿಚಾರಿಸಿ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳಡಿ ಹಳೆಯ ಕ್ಷಯ ಮರುಕಳಿಸುತ್ತದೆ. ಮುಖದ ಊತ ಪ್ರಮಾಣ ಇಳಿದಂತೆ ಇಳಿಯುತ್ತದೆ. ಸ್ಟೀರಾಯ್ಡ್ ಬೇಗ ಇಳಿಸಲು ನೆರವಾಗುವ ಜೊತೆಮಾತ್ರೆಗಳಿವೆ. ಅವುಗಳಲ್ಲಿ ಮೆಥೊಟ್ರೆಕ್ಸೇಟ್, ಮೈಕೊಫೆನೊಲೇಟ್ ಗರ್ಭದ ಕೂಸಿಗೆ ಹಾನಿ ಮಾಡುವುದರಿಂದ ಮದುವೆ, ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಬೇಕು.

ತಮ್ಮನಿಗೆ 34, ಪಾರ್ಶ್ವವಾಯು ಆಯಿತು. ಲೂಪಸ್ ಆಂಟಿಕೋಆಗ್ಯುಲೆಂಟ್ ಪಾಸಿಟಿವ್ ಎಂದಿದೆ. ಜೀವನಪೂರ್ತಿ ವಾರ್ಫರಿನ್ ಬೇಕೇ?
– ಮಂಗಳೂರು

ರಕ್ತ ಹೆಪ್ಪುಗಟ್ಟಲು ಕಾರಣವಾಗುವ, ದೇಹವೇ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಪರೀಕ್ಷೆಯಿದು. ಉರಿಯೂತದ ಬೇರೆ ಹತ್ತು ಗುರುತುಗಳಿಗಿಂತ ತೂಕದ್ದು. ಇದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. ಅದಕ್ಕೇ ಒಂದು ಸಲದ ಪಾಸಿಟಿವ್ ಸಾಲದು. ಸೋಂಕಿನಲ್ಲಿ ತಾತ್ಕಾಲಿಕವಾಗಿ ಬಂದು ಹೋಗುತ್ತದೆ. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಿ, ಜೊತೆಗೆ ಆಂಟಿಕಾರ್ಡಿಯೋಲಿಪಿನ್ ಮತ್ತು ಆಂಟಿ ಬೀಟಾ-2 ಗ್ಲೈಕೊಪ್ರೋಟೀನ್ ಪ್ರತಿಕಾಯಗಳನ್ನೂ ನೋಡಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ವಾರ್ಫರಿನ್, ರಿವರೊಕ್ಸಾಬ್ಯಾನ್ ಯಾವುದೇ ನಡೆಯುತ್ತಿದ್ದರೂ ಲೂಪಸ್ ಆಂಟಿಕೋಆಗ್ಯುಲೆಂಟ್ ಪರೀಕ್ಷೆ ಸುಳ್ಳು ಉತ್ತರ ಕೊಡಬಹುದು. ರಕ್ತ ಕೊಡುವಾಗ ಲ್ಯಾಬಿಗೆ ಔಷಧದ ಹೆಸರು ಬರೆದುಕೊಡಿ. ಔಷಧವನ್ನು ಪರೀಕ್ಷೆಗೆಂದು ನೀವೇ ನಿಲ್ಲಿಸಬೇಡಿ.

ಎರಡನೇ ಸಲವೂ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ವಾರ್ಫರಿನ್ ದೀರ್ಘಕಾಲ ಬೇಕಾಗುತ್ತದೆ. ವಾರ್ಫರಿನ್ ಪ್ರಮಾಣ ಸರಿಯಿದೆಯೇ ಎಂದು ಆಗಾಗ ನೋಡುವ ರಕ್ತಪರೀಕ್ಷೆ ಐಎನ್‌ಆರ್. ‘ಐಎನ್‌ಆರ್ ತೊಂದರೆಯಿಲ್ಲದ ಹೊಸ ಮಾತ್ರೆ’ ಕೇಳಬೇಡಿ: ಮೂರೂ ಪ್ರತಿಕಾಯ ಇದ್ದವರಲ್ಲಿ ರಿವರೊಕ್ಸಾಬ್ಯಾನ್ ಕೊಟ್ಟಾಗ ಪಾರ್ಶ್ವವಾಯು, ಹೃದಯಾಘಾತ ಹೆಚ್ಚಾಗಿ ಆ ಅಧ್ಯಯನವನ್ನೇ ನಡುವೆ ನಿಲ್ಲಿಸಬೇಕಾಯಿತು.

ನಾವು ಅಮೆರಿಕದಲ್ಲಿದ್ದೇವೆ. ಇಂಟರ್‌ಲ್ಯೂಕಿನ್-6, ಮೈಲೋಪೆರಾಕ್ಸಿಡೇಸ್, ಎಲ್‌ಪಿ-ಪಿಎಲ್‌ಎ2 ಎಲ್ಲ ಸೇರಿದ ಉರಿಯೂತ ಪರೀಕ್ಷೆಗಳ ಪ್ಯಾಕೇಜ್ ಇದೆ. ಮಾಡಿಸಲೇ? ಊರಿನಿಂದ ಅಮ್ಮ ಅರಿಸಿನದ ಕ್ಯಾಪ್ಸೂಲ್ ತೆಗೆದುಕೋ ಎನ್ನುತ್ತಾರೆ.
– ನ್ಯೂಜೆರ್ಸಿ

ಪ್ಯಾಕೇಜ್ ಬೇಡ. ಈ ಮೂರರಲ್ಲಿ ಯಾವುದರ ಉತ್ತರದಿಂದಲೂ ನಿಮ್ಮ ಮಾತ್ರೆ ಬದಲಾಗದು. ಎಲ್‌ಪಿ-ಪಿಎಲ್‌ಎ2 ತಡೆಯುವ ಡರಾಪ್ಲಾಡಿಬ್ ಎಂಬ ಔಷಧ 2014ರಲ್ಲಿ ಎರಡು ದೊಡ್ಡ ಅಧ್ಯಯನಗಳಲ್ಲಿ ಸೋತಿತು. ಅದೇ ದುಡ್ಡಿನಲ್ಲಿ ಲೈಪೊಪ್ರೋಟೀನ್-ಎ ಎಂಬ, ಎಲ್‌ಡಿಎಲ್‌ನಂಥದೇ ಇನ್ನೊಂದು ಕೊಬ್ಬಿನ ಕಣದ ಪರೀಕ್ಷೆ ಮಾಡಿಸಿ. ಅದು ಬಹುಮಟ್ಟಿಗೆ ವಂಶವಾಹಿಯಿಂದ ನಿರ್ಧಾರವಾಗುವುದರಿಂದ ಜೀವನದಲ್ಲಿ ಒಮ್ಮೆ ಸಾಕು. ಡೆಸಿಲೀಟರಿಗೆ 50 ಮಿ.ಗ್ರಾಂ ಅಥವಾ ಲೀಟರಿಗೆ 125 ನ್ಯಾನೊಮೋಲ್ ಮುಟ್ಟಿದರೆ ಹೆಚ್ಚೆಂದು ಲೆಕ್ಕ. ಒಂದನ್ನು ಇನ್ನೊಂದಕ್ಕೆ ಗುಣಿಸಿ ಬದಲಿಸಲು ಹೋಗಬೇಡಿ, ಆ ಲೆಕ್ಕ ಸರಿಹೊಂದುವುದಿಲ್ಲ. ಅಲ್ಲಿನ 2018ರ ಮಾರ್ಗಸೂಚಿ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶವೆಂದು ಪಟ್ಟಿ ಮಾಡಿದೆ, ನಿಮ್ಮ ವೈದ್ಯರಿಗೆ ಇದನ್ನು ನೆನಪಿಸಿ.

ಅರಿಸಿನ ಸಾರಿನಲ್ಲಿ, ಪಲ್ಯದಲ್ಲಿ ಇರಲಿ. ಕಾಳುಮೆಣಸಿನ ಸತ್ವ ಪೈಪರಿನ್ ಬೆರೆಸಿದ ಕ್ಯಾಪ್ಸೂಲ್ ಬೇರೆ ವಸ್ತು. ಅರಿಸಿನದ ಸತ್ವ ಕರ್ಕ್ಯುಮಿನ್ ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರಲೆಂದೇ ಪೈಪರಿನ್ ಬೆರೆಸುತ್ತಾರೆ, ಇಂಥ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟವರ ವರದಿಗಳು ಅಮೆರಿಕದಲ್ಲೇ ಬಂದಿವೆ. ಈಗಾಗಲೇ ನುಂಗುತ್ತಿದ್ದು ಮೂತ್ರ ಕಡುಬಣ್ಣಕ್ಕೆ ತಿರುಗಿದ್ದರೆ, ಮೈ ಕೆರೆತವಿದ್ದರೆ ಇವತ್ತೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.